ಮೆರವಣಿಗೆ ಕಾರಿನ ತಪಾಸಣೆ

ಮುಂದಿನ ಎಡ ಟೈರಿನ ಅಂಚಿನಲ್ಲಿ, ಹೊಸ ಟೈರುಗಳ ಮೇಲೆ ಅಚ್ಚಿನಿಂದ ಉಳಿದಿರುತ್ತವಲ್ಲ, ಆ ಸಣ್ಣ ರಬ್ಬರ್ ಕೂದಲುಗಳು ಇನ್ನೂ ಇದ್ದವು. ಒಂದನ್ನು ಬೆರಳಿನಿಂದ ಸವರಿದೆ. ಅದು ಬಾಗಲಿಲ್ಲ. ಮುರಿದು ಕೈಗೆ ಬಂತು. ಬೆರಳ ತುದಿಗೆ ಕಪ್ಪು ಜಿಡ್ಡು ಹತ್ತಿತು.

ಆ ಟೈರಿಗೆ ಹದಿನೈದು ವರ್ಷವಾಗಿತ್ತು.

ಮೋಟಾರು ವಾಹನ ನಿರೀಕ್ಷಕಿಯಾಗಿ ನಾನು ಹುಬ್ಬಳ್ಳಿಗೆ ಬಂದು ಆಗ ಎರಡನೆಯ ವರ್ಷ. ಬೆಳಿಗ್ಗೆ ಧಾರವಾಡದಿಂದ ಬಸ್ಸು ಹಿಡಿದು ಬರುವಷ್ಟರಲ್ಲಿ ಕಚೇರಿಯ ಹಿಂದಿನ ಬಯಲಿನಲ್ಲಿ ಟೆಂಪೋ, ಆಟೋ, ಶಾಲಾ ವ್ಯಾನುಗಳ ಸಾಲು ನಿಂತಿರುತ್ತಿತ್ತು. ಸಂಜೆಯವರೆಗೂ ಅದೇ ಕೆಲಸ: ಚಾಸಿಸ್ ಸಂಖ್ಯೆ, ಬ್ರೇಕು, ದೀಪ, ಹೊಗೆ, ಸಹಿ. ಮನೆಗೆ ಹೋಗಿ ಮುಖ ತೊಳೆದರೆ ನೀರು ಬೂದಿಬಣ್ಣಕ್ಕೆ ತಿರುಗುತ್ತಿತ್ತು. ಎಂಜಿನಿಯರಿಂಗ್ ಓದುವಾಗ ಯಂತ್ರಗಳ ಬಗ್ಗೆ ಇದ್ದ ಕುತೂಹಲ ಆ ಸಾಲಿನಲ್ಲಿ ಎಲ್ಲಿ ಸವೆದುಹೋಗಿತ್ತೋ ಗೊತ್ತಿಲ್ಲ. ಸಾಲು ಬೇಗ ಕರಗಲಿ ಎಂಬುದಷ್ಟೇ ಆಸೆ.

ಖಾಸಗಿ ಕಾರುಗಳು ನಮ್ಮ ಮುಂದೆ ಬರುವುದು ಅಪರೂಪ. ಹೊಸದಾಗಿ ನೋಂದಣಿಯಾಗುವಾಗ ಒಮ್ಮೆ, ಆಮೇಲೆ ಹದಿನೈದು ವರ್ಷ ಕಳೆದು ನೋಂದಣಿ ಮುಗಿದಾಗ. ಇನ್ನೂ ಓಡಿಸಬೇಕೆಂದರೆ ಕಾರನ್ನು ತಂದು ನಿಲ್ಲಿಸಿ, ರಸ್ತೆಗೆ ಯೋಗ್ಯವಾಗಿದೆ ಎಂದು ಬರೆಸಿಕೊಂಡು ಹೋಗಬೇಕು. ಅವತ್ತು ಬಂದದ್ದು ಎರಡು ಬಾಗಿಲಿನ, ಕಡುಗೆಂಪು ಬಣ್ಣದ, ಜರ್ಮನಿಯಲ್ಲಿ ತಯಾರಾದ ಸ್ಪೋರ್ಟ್ಸ್ ಕಾರು. ಅಷ್ಟು ತಗ್ಗಿನ ಕಾರು ನಮ್ಮ ಬಯಲಿಗೆ ಅದಕ್ಕೂ ಮುಂಚೆ ಬಂದಿರಲಿಲ್ಲ. ಸಾಲಿನಲ್ಲಿದ್ದ ಆಟೋದವರು ಇಳಿದು ಬಂದು ಸುತ್ತುವರಿದರು. ಇದು ರಸ್ತೆಯ ಉಬ್ಬುಗಳನ್ನು ಹೇಗೆ ದಾಟುತ್ತದೆ ಎಂದು ಒಬ್ಬ ಕೇಳಿದ.

"ನಾಕ ಮಂದಿ ಎತ್ತಿ ಆಚೀಕಡೆ ಇಡತಾರಲೇ," ಎಂದ ಇನ್ನೊಬ್ಬ.

ಕಾರಿನ ಜೊತೆ ಇಬ್ಬರು ಬಂದಿದ್ದರು. ಓಡಿಸಿಕೊಂಡು ಬಂದವರು ಬಿಳಿ ಟೋಪಿಯ ವಯಸ್ಸಾದ ಡ್ರೈವರ್. ಪಕ್ಕದಲ್ಲಿ ಕೂತು ಬಂದವಳು ಹೆಚ್ಚುಕಡಿಮೆ ನನ್ನ ವಯಸ್ಸಿನವಳು, ಊರಿನ ಹತ್ತಿ ವ್ಯಾಪಾರಿಯೊಬ್ಬರ ಕಿರಿಯ ಮಗಳು. ತಂದೆ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಅವಳು ಡ್ರೈವರನ್ನು ಕಾಕಾ ಎಂದು ಕರೆಯುತ್ತಿದ್ದಳು, ಅವರು ಅವಳನ್ನು ಸಣ್ಣಕ್ಕಾರ ಎನ್ನುತ್ತಿದ್ದರು.

ಎಲ್ಲ ಗಾಡಿಗಳಿಗೆ ಮಾಡುವಂತೆಯೇ ಇದಕ್ಕೂ ಮಾಡಿದೆ. ಚಾಸಿಸ್ ಸಂಖ್ಯೆಯ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆದೆ. ದಾಖಲೆಗೆ ಹೊಂದಿತು. ಎಂಜಿನ್ ಚಾಲೂ ಮಾಡಿಸಿ ಹೊಗೆ ಅಳೆದೆ. ಮಿತಿಯೊಳಗೇ ಇತ್ತು. ಗೋಡೆಯ ಮೇಲೆ ದೀಪದ ಬೆಳಕು ಬೀಳಿಸಿ ನೋಡಿದೆ. ಜ್ಯಾಕ್ ಹಚ್ಚಿ ಗಾಲಿಗಳನ್ನು ಮೇಲೆತ್ತಿ ಬೇರಿಂಗ್ ಅಲ್ಲಾಡುತ್ತದೆಯೇ ಎಂದು ಎಳೆದು ನೋಡಿದೆ. ಸ್ಟೀರಿಂಗ್ ಬಿಗಿಯಾಗಿತ್ತು. ಇಳಿಜಾರಿನಲ್ಲಿ ಕೈಬ್ರೇಕು ಹಿಡಿದು ನಿಂತಿತು. ಗಂಟೆಗೆ ಮೂವತ್ತು ಕಿಲೋಮೀಟರ್ ವೇಗದಲ್ಲಿ ಬ್ರೇಕು ಒತ್ತಿದರೆ ಹದಿಮೂರು ಮೀಟರಿನೊಳಗೆ ನಿಲ್ಲಬೇಕು ಎಂಬುದು ನಿಯಮ. ಅದು ಅದರ ಅರ್ಧಕ್ಕೇ ನಿಂತಿತು. ಟೈರಿನ ಮೇಲಿನ ಗೀರುಗಳ ಆಳ ಅಳೆಯುವ ಗೇಜನ್ನು ಇಟ್ಟೆ. ಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚು ಆಳವಿತ್ತು. ಮೀಟರಿನಲ್ಲಿ ಕಾರು ಓಡಿದ ದೂರ ನಾಲ್ಕು ಸಾವಿರ ಕಿಲೋಮೀಟರನ್ನೂ ಮುಟ್ಟಿರಲಿಲ್ಲ.

ಅಂದರೆ ಪಾಸು. ಸಹಿ ಹಾಕುವುದೊಂದೇ ಬಾಕಿ. ಹಿಂದೆ ಸಾಲು ಹಾರ್ನ್ ಹೊಡೆಯುತ್ತಿತ್ತು.

ಸುಮ್ಮನೆ, ಬಾಯಿಗೆ ಬಂದ ಪ್ರಶ್ನೆ ಎಂಬಂತೆ, ಏನೇನು ಬದಲಾಯಿಸಿದ್ದೀರಿ ಎಂದು ಡ್ರೈವರನ್ನು ಕೇಳಿದೆ. ಕ್ಲಚ್ಚು ಎಷ್ಟೋ ಸಲ ಬದಲಾಗಿದೆ ಎಂದರು. ಎಂಜಿನ್ ಕಾದುಹೋಗುತ್ತಿದ್ದರಿಂದ ಫ್ಯಾನಿಗೆ ಬೇರೆಯೇ ಒಂದು ಸ್ವಿಚ್ಚು ಹಾಕಿಸಿದ್ದಾರಂತೆ. ಟೈರು? ಮುಂಬೈಯಿಂದ ತರುವಾಗ ಹಾಕಿಸಿದ್ದೇ ಎಂದರು, ಹೆಮ್ಮೆಯಿಂದ.

ನಾಲ್ಕು ಸಾವಿರ ಕಿಲೋಮೀಟರಿಗೆ ಅಷ್ಟೊಂದು ಕ್ಲಚ್ಚು ಯಾಕೆ ಹೋಗಬೇಕು? ಅದನ್ನೇ ಕೇಳಿದೆ. ಅವರು ನನ್ನನ್ನು ಏನೂ ತಿಳಿಯದವಳಂತೆ ನೋಡಿದರು.

"ವರನ ಮೆರವಣಿಗಿ ಗಾಡಿರಿ ಬಾಯಾರ ಇದು. ಬಾಜಾ ಬಜಂತ್ರಿ ಹಿಂದ ನಡಕೊಂಡ ಹೋಗೂದು. ಎರಡನೇ ಗೇರ್ ಹಾಕಿದ್ದ ನನಗ ನೆನಪಿಲ್ರಿ."

ಆಮೇಲೆ ಮಗಳು ವಿವರಿಸಿದಳು. ಅವಳ ತಂದೆ ಕಾರನ್ನು ಆಸೆಪಟ್ಟು ತಂದರು. ತಂದ ವಾರದಲ್ಲೇ ಬಂಧುವೊಬ್ಬರು ಮದುವೆಗೆ ಕೇಳಿದರು, ಕೊಟ್ಟರು. ಆಮೇಲೆ ಬೀಗರು, ಗೆಳೆಯರು, ಮಾರುಕಟ್ಟೆಯ ದಲಾಲರು, ದೂರದ ಹಳ್ಳಿಯ ಗಿರಾಕಿಗಳು ಎಲ್ಲರೂ ಕೇಳಿದರು. ಇಲ್ಲ ಎನ್ನುವುದು ಅವರಿಗೆ ಬರುತ್ತಿರಲಿಲ್ಲ. ಬಾಡಿಗೆ ತೆಗೆದುಕೊಳ್ಳುವುದೂ ಬರುತ್ತಿರಲಿಲ್ಲ. ಗಂಟೆಗಟ್ಟಲೆ ಅರ್ಧ ಕ್ಲಚ್ಚಿನಲ್ಲಿ, ಬ್ಯಾಂಡಿನ ಹಿಂದೆ, ಹೂವಿನ ಭಾರ ಹೊತ್ತುಕೊಂಡು ಹೆಜ್ಜೆಹೆಜ್ಜೆಗೆ ನಿಂತು ಚಲಿಸುವುದೇ ಈ ಕಾರಿನ ಆಯುಷ್ಯವಾಯಿತು. ಉಳಿದ ದಿನ ಹತ್ತಿಯ ಗೋದಾಮಿನಲ್ಲಿ ಹೊದಿಕೆಯ ಕೆಳಗೆ.

ನಾನು ಒದ್ದೆ ಬಟ್ಟೆ ತರಿಸಿ ಟೈರಿನ ಪಕ್ಕೆಯನ್ನು ಒರೆಸಿದೆ. ಬಟ್ಟೆ ಕಪ್ಪಾಯಿತು. ಇನ್ನೂ ಒರೆಸಿದೆ. ಹೊಳಪಿನ ಕೆಳಗೆ, ರಿಮ್ಮಿನ ಸುತ್ತ, ಹಳೆಯ ಪಿಂಗಾಣಿ ಬಟ್ಟಲಿನಲ್ಲಿ ಇರುವಂತೆ ತೆಳ್ಳನೆ ಬಿರುಕುಗಳು ಕಂಡವು. ನಾಲ್ಕರಲ್ಲೂ. ಉಗುರು ಸಿಕ್ಕಿಕೊಳ್ಳುವಷ್ಟೂ ಆಳವಿರಲಿಲ್ಲ. ನೂಲು ಕಾಣುತ್ತಿರಲಿಲ್ಲ. ಎಲ್ಲಿಯೂ ಉಬ್ಬಿರಲಿಲ್ಲ. ನಿಯಮದಲ್ಲಿ ಟೈರಿನ ಸವಕಳಿಗೆ ಮಿತಿಯಿದೆ, ವಯಸ್ಸಿಗೆ ಇಲ್ಲ.

ಸಹಿ ಹಾಕದೆ ಕಾಗದ ಹಿಡಿದು ನಿಂತದ್ದನ್ನು ಮಗಳು ಗಮನಿಸಿದಳು. ಪಕ್ಕಕ್ಕೆ ಕರೆದು ನಿಧಾನವಾಗಿ ಹೇಳಿದಳು. ಅವಳು ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದಳು. ಹುಬ್ಬಳ್ಳಿಯಿಂದ ಧಾರವಾಡ ದಾಟಿ ಅಲ್ಲಿಗೆ ಎರಡು ಬಸ್ಸು. ಮನೆಯಲ್ಲಿ ಅದು ಯಾರಿಗೂ ಇಷ್ಟವಿರಲಿಲ್ಲ, ತಂದೆಯೊಬ್ಬರನ್ನು ಬಿಟ್ಟು. ಹತ್ತಿಯ ಬೀಜ ಬಿಡಿಸುವ ಜಿನ್ನಿಂಗ್ ಕಾರ್ಖಾನೆ ಇಬ್ಬರು ಗಂಡುಮಕ್ಕಳಿಗೆ, ಕಾರು ಈಕೆಗೆ ಎಂದು ಅವರು ಬಾಯಿಮಾತಿನಲ್ಲಿ ಹೇಳಿ ಹೋಗಿದ್ದರು. ದೊಡ್ಡಣ್ಣ ಒಪ್ಪಿದ್ದ, ಆದರೆ ಒಂದು ಷರತ್ತಿನ ಮೇಲೆ. ತಂದೆಯ ಮೊದಲ ಪುಣ್ಯಸ್ಮರಣೆಯೊಳಗೆ ಕಾರು ತಪಾಸಣೆಯಲ್ಲಿ ಪಾಸಾದರೆ ಅವಳದು. ಇಲ್ಲವಾದರೆ ಹಳೆಯ ಯಂತ್ರಗಳ ಜೊತೆ ಅದನ್ನೂ ಮಾರಿಬಿಡುವುದು. ಬೆಳಗಾವಿಯ ಮದುವೆ ಅಲಂಕಾರದವನೊಬ್ಬ ಆಗಲೇ ಬಂದು ನೋಡಿಕೊಂಡು ಹೋಗಿದ್ದ. ಪುಣ್ಯಸ್ಮರಣೆಗೆ ಉಳಿದದ್ದು ಎರಡು ವಾರ.

"ದಿನಾ ಬೈಪಾಸ್ ಮ್ಯಾಲ ಹೋಗತೇನ್ರಿ. ಗಬ್ಬೂರ ದಾಟಿದ್ರ ಮುಗೀತು, ರಸ್ತಾ ಖಾಲಿ ಇರತೈತಿ," ಎಂದಳು.

ಆ ಮಾತು ಕೇಳದಿದ್ದರೆ ಬಹುಶಃ ಸಹಿ ಹಾಕುತ್ತಿದ್ದೆ. ಈ ಕಾರು ಮೆರವಣಿಗೆಗೇ ಉಳಿಯುವುದಾದರೆ ಆ ಟೈರುಗಳು ಇನ್ನೂ ಎಷ್ಟೋ ವರ್ಷ ಬಾಳುತ್ತಿದ್ದವು. ಬೈಪಾಸು ಆಗ ಹೊಸದು. ಊರೊಳಗಿನ ಗುಂಡಿಗಳಿಂದ ಬಿಡುಗಡೆ ಸಿಕ್ಕವರಂತೆ ಎಲ್ಲರೂ ಅದರ ಮೇಲೆ ಗಾಡಿ ಬಿಡುತ್ತಿದ್ದರು.

ನಾಳೆ ಮತ್ತೆ ತನ್ನಿ ಎಂದೆ. ಡ್ರೈವರ್ ಬಾಗಿಲನ್ನು ಸ್ವಲ್ಪ ಜೋರಾಗಿ ಹಾಕಿದರು.

ಸಂಜೆ ನನ್ನ ಮೇಲಧಿಕಾರಿಗೆ ವಿಷಯ ಹೇಳಿದೆ. ನಿವೃತ್ತಿಗೆ ಹತ್ತಿರವಾದವರು, ಅನವಶ್ಯಕ ಮಾತಾಡುತ್ತಿರಲಿಲ್ಲ. ಅಳತೆಯಲ್ಲಿ ಪಾಸಾದದ್ದನ್ನು ಅನುಮಾನದ ಮೇಲೆ ತಡೆಯಲು ಬರುವುದಿಲ್ಲ, ನಾಳೆ ಯಾರಾದರೂ ನಿಯಮ ತೋರಿಸಿ ಎಂದರೆ ಏನು ತೋರಿಸುತ್ತೀರಿ ಎಂದು ಕೇಳಿದರು. ರಸ್ತೆಯ ಮೇಲೆ ಓಡಿಸಿ ನೋಡಬಹುದೇ ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

"ಓಡಿಸಬ್ಯಾಡ್ರಿ ಅಂತ ಎಲ್ಲೂ ಬರದಿಲ್ಲ. ಆದ್ರ ನೀವ ಓಡಸ್ರಿ, ಆ ಹುಡುಗಿ ಕೈಯಾಗ ಕೊಡಬ್ಯಾಡ್ರಿ."

ಮರುದಿನ ಊಟದ ಹೊತ್ತಿನಲ್ಲಿ ಹೊರಟೆವು. ಕಾರು ತನ್ನದು, ತಾನೂ ಕೂಡುತ್ತೇನೆ ಎಂದು ಮಗಳು ಹಟ ಹಿಡಿದಳು. ಬೇಡವೆಂದು ಎರಡು ಸಲ ಹೇಳಿ ಸೋತೆ. ಕಾಕಾ ಹಿಂದಿನ ಇಕ್ಕಟ್ಟಿನ ಸೀಟಿನಲ್ಲಿ ಮೊಣಕಾಲು ಮಡಚಿ ಕೂತು, ಬೈಪಾಸ್ ಶುರುವಾಗುವ ಗಬ್ಬೂರಿನವರೆಗೆ ಬಂದರು. ಅಲ್ಲಿ ಅವರನ್ನು ಚಹಾದಂಗಡಿಯ ಮುಂದೆ ಇಳಿಸಿದೆ. ನಾನು ಸೀಟು ಮುಂದೆ ಎಳೆದುಕೊಂಡದ್ದನ್ನು, ಕನ್ನಡಿ ತಿರುಗಿಸಿದ್ದನ್ನು ಅವರು ನೋಡುತ್ತ ನಿಂತಿದ್ದರು.

ಟೈರುಗಳ ಗಾಳಿಯನ್ನು ಕಚೇರಿಯಲ್ಲೇ ಸರಿಮಾಡಿಸಿಕೊಂಡಿದ್ದೆ. ಬೈಪಾಸಿಗೆ ಏರಿ ನಲವತ್ತರಲ್ಲಿ ಸ್ವಲ್ಪ ದೂರ ಹೋದೆ. ಆಮೇಲೆ ಐವತ್ತು. ಎಂಜಿನ್ ಮೊದಮೊದಲು ಕೆಮ್ಮಿತು, ಹಿಂದೆ ಒಂದಿಷ್ಟು ಕಪ್ಪು ಹೊಗೆ ಬಿಟ್ಟಿತು. ವರ್ಷಗಟ್ಟಲೆ ನಿಧಾನಕ್ಕೆ ಓಡಿ ಒಳಗೆ ಕೂತಿದ್ದ ಮಸಿ ಅದು. ಅರವತ್ತಕ್ಕೆ ಸದ್ದು ನಯವಾಯಿತು. ಮೂರನೆಯ ಗೇರು ಹಾಕುವಾಗ ಅದು ಹೊಸ ಬೀಗದಂತೆ ಬಿಗಿಯಾಗಿತ್ತು. ಎಪ್ಪತ್ತಕ್ಕೆ ಹೋದಾಗ ಕಾರು ನೆಲಕ್ಕೆ ಒತ್ತಿಕೊಂಡಂತಾಯಿತು. ಎಷ್ಟೋ ತಿಂಗಳಿಂದ ನಾನು ಒಂದು ಯಂತ್ರವನ್ನು ಇಷ್ಟಪಟ್ಟಿರಲಿಲ್ಲ. ಅದನ್ನು ಇಷ್ಟಪಟ್ಟೆ. ಪಕ್ಕದಲ್ಲಿ ಅವಳು ಮೀಟರಿನ ಮುಳ್ಳನ್ನೇ ನೋಡುತ್ತಿದ್ದಳು. ಆ ಕಾರನ್ನು ಮೊದಲ ಸಲ ಓಡಿಸಬೇಕಾದಂತೆ ಓಡಿಸುತ್ತಿರುವವಳು ನಾನು, ತಾನಲ್ಲ ಎಂಬುದು ಅವಳ ಮುಖದಲ್ಲಿತ್ತು.

ಎಂಬತ್ತರಲ್ಲಿ ಕೆಲವು ನಿಮಿಷ ಹಿಡಿದೆ. ಏನೂ ಆಗಲಿಲ್ಲ. ನನ್ನ ಅನುಮಾನ ತಪ್ಪಾಗಿದ್ದರೆ ಸಾಕಪ್ಪ ಎಂದುಕೊಂಡೆ. ಆಗ ಸ್ಟೀರಿಂಗಿನಲ್ಲಿ ಒಂದು ಮಿಡಿತ ಬಂತು. ಮೊದಲು ರಸ್ತೆಯ ಜೋಡಣೆ ಇರಬೇಕೆಂದುಕೊಂಡೆ. ಆದರೆ ಅದು ನಿಲ್ಲಲಿಲ್ಲ. ದಪ್ ದಪ್ ದಪ್ ಎಂದು ಗಾಲಿಯ ಸುತ್ತಿಗೆ ಒಂದರಂತೆ ಬರತೊಡಗಿತು. ಬ್ರೇಕು ಒತ್ತದೆ, ಆಕ್ಸಿಲರೇಟರಿನಿಂದ ಕಾಲು ತೆಗೆದು, ಸ್ಟೀರಿಂಗನ್ನು ಎರಡೂ ಕೈಯಲ್ಲಿ ನೆಟ್ಟಗೆ ಹಿಡಿದೆ. ಎದುರಿನಿಂದ ಒಂದು ಲಾರಿ ಬರುತ್ತಿತ್ತು. ಮಿಡಿತ ಈಗ ಬಾಗಿಲಿನ ಗಾಜಿನವರೆಗೂ ಕೇಳಿಸುತ್ತಿತ್ತು. ಲಾರಿ ದಾಟಿಹೋಯಿತು. ಕಾರು ನಿಧಾನವಾಗಿ ಮಣ್ಣಿನ ಅಂಚಿಗೆ ಇಳಿದು ನಿಂತಿತು.

ಇಬ್ಬರೂ ಇಳಿದೆವು. ಮುಂದಿನ ಎಡ ಟೈರಿನ ಭುಜದಲ್ಲಿ, ಅಂಗೈಯಗಲ, ರಬ್ಬರು ತನ್ನ ಕೆಳಗಿನ ನೂಲಿನ ಪದರವನ್ನು ಬಿಟ್ಟು ಮೇಲೆದ್ದಿತ್ತು. ಮುಟ್ಟಿದರೆ ಸುಡುತ್ತಿತ್ತು. ಒತ್ತಿದರೆ ಒಳಗೆ ಟೊಳ್ಳು. ಇನ್ನು ಸ್ವಲ್ಪ ದೂರ ಅದೇ ವೇಗದಲ್ಲಿ ಹೋಗಿದ್ದರೆ ಟೈರು ಸಿಡಿಯುತ್ತಿತ್ತು. ಅವಳೂ ಬಗ್ಗಿ ಆ ಉಬ್ಬನ್ನು ಒತ್ತಿ ನೋಡಿದಳು.

"ಈಗ ಪಾಸ್ ಮಾಡೂದಿಲ್ಲ ನೀವು," ಎಂದಳು.

"ಇಲ್ಲ."

ಅಳತೆಗೆ ಸಿಗದೆ ಇದ್ದದ್ದು ಈಗ ಕಣ್ಣಿಗೆ ಕಾಣುವಂತೆ ಉಬ್ಬಿ ನಿಂತಿತ್ತು. ನಿಯಮದಲ್ಲಿ ಉಬ್ಬಿಗೆ ಜಾಗವಿತ್ತು. ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ.

ಸ್ಟೆಪ್ನಿ ಗಾಲಿ ಹಾಕಿಕೊಂಡು ನಡಿಗೆಯ ವೇಗದಲ್ಲೇ ಗಬ್ಬೂರಿಗೆ ಮರಳಿದೆವು. ಬಿಚ್ಚಿದ ಗಾಲಿಯನ್ನು ಕಾಕಾ ಹೊರಗೆ ತೆಗೆದು, ಚಹಾದಂಗಡಿಯ ಬೆಂಚಿಗೆ ಆನಿಸಿ ಬಹಳ ಹೊತ್ತು ನೋಡಿದರು. ಟೈರಿಗೆ ಏನು ಹಚ್ಚುತ್ತಿದ್ದಿರಿ ಎಂದು ಕೇಳಿದೆ.

"ಸುಟ್ಟ ಆಯಿಲ್‌ನ್ಯಾಗ ಚೂರು ಚಿಮಣಿ ಎಣ್ಣಿ ಕಲಸಿ ಹಚ್ಚತಿದ್ನಿರಿ. ಪ್ರತಿ ಮದುವಿಗೂ. ವರಾ ಕೂಡೂ ಗಾಡಿ ಟೈರ್ ಮಬ್ಬ ಇರಬಾರದಂತ ಸಾವಕಾರ್ರು ಹೇಳಿದ್ರು. ನಾ ಒಂದ ಮದುವಿಗೂ ತಪ್ಪಿಸಿಲ್ರಿ ಬಾಯಾರ."

ಎಣ್ಣೆ ರಬ್ಬರನ್ನು ತಿನ್ನುತ್ತದೆ, ಸೀಮೆಎಣ್ಣೆಯಂತೂ ಇನ್ನೂ ಬೇಗ ತಿನ್ನುತ್ತದೆ ಎಂದು ಹೇಳಲೇಬೇಕಾಯಿತು. ಆದಷ್ಟು ಮೆತ್ತಗೆ ಹೇಳಿದೆ. ಅವರು ಟೋಪಿ ತೆಗೆದು, ಮತ್ತೆ ಹಾಕಿಕೊಂಡು, ಹೊಳೆಯುವ ಇನ್ನೊಂದು ಟೈರಿನ ಕಡೆ ನೋಡಿದರು. ಹದಿನೈದು ವರ್ಷದ ಮದುವೆಗಳಲ್ಲಿ ಆ ಟೈರುಗಳನ್ನು ಹೊಗಳಿದವರೆಷ್ಟೋ.

"ಬಿಡು ಕಾಕಾ. ಅಪ್ಪಾ ಹೇಳಿದ್ದ ನೀ ಮಾಡಿದಿ," ಎಂದಳು ಮಗಳು. ನಾನು ಅಲ್ಲಿಂದಲೇ ಬಸ್ಸಿನಲ್ಲಿ ಕಚೇರಿಗೆ ಹೋದೆ.

ಫಲಿತಾಂಶ ಬರೆಯುವ ಮುಂಚೆಯೇ, ಮರುದಿನ ಬೆಳಿಗ್ಗೆ ಅವಳ ದೊಡ್ಡಣ್ಣ ಕಚೇರಿಗೆ ಬಂದರು. ತಂಗಿಯೂ ಬೆನ್ನಿಗೇ ಬಂದಳು. ಅಣ್ಣ ಸಭ್ಯರು, ಮೃದುವಾಗಿ ಮಾತಾಡುವವರು. ಕೂತು, ನೀರು ಕುಡಿದು, ನನ್ನನ್ನು ಹೊಗಳಿದರು. ಅವರ ಹೊಗಳಿಕೆ ಆ ವಾರದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ದಣಿಸಿತು.

"ಛಲೋ ಮಾಡಿದ್ರಿ ನೀವು. ನಾವು ಹೇಳಿ ಹೇಳಿ ಸಾಕಾಗಿತ್ತು, ಆಕಿ ಕೇಳತಿದ್ದಿಲ್ಲ. ಗಾಡಿ ರಸ್ತಾಕ್ಕ ಲಾಯಕ್ ಇಲ್ಲ ಅಂತ ಒಂದ ಸಾಲು ಬರದ ಬಿಡ್ರಿ."

ಅದು ಸುಳ್ಳಾಗುತ್ತಿರಲಿಲ್ಲ. ನಮ್ಮಲ್ಲಿ ರೂಢಿಯೂ ಅದೇ. ಯಾವುದೋ ಒಂದು ಅಂಶದಲ್ಲಿ ತಪ್ಪಿದರೂ ಗಾಡಿ ಅನರ್ಹ ಎಂದು ಒಂದೇ ಸಾಲು ಬರೆದು, ತಪ್ಪಿದ್ದನ್ನು ಬಾಯಿಯಲ್ಲಿ ಹೇಳಿ ಕಳಿಸುತ್ತಿದ್ದೆವು. ಟೆಂಪೋದವರು ದೀಪವನ್ನೋ ಹಾರ್ನನ್ನೋ ಸರಿಮಾಡಿಸಿಕೊಂಡು ಸಂಜೆಗೇ ವಾಪಸು ಬರುತ್ತಿದ್ದರು. ಆ ಒಂದು ಸಾಲಿನಿಂದ ಯಾರಿಗೂ ಏನೂ ಆಗುತ್ತಿರಲಿಲ್ಲ. ಇಲ್ಲಿ ಆ ಸಾಲನ್ನು ಹಿಡಿದುಕೊಂಡು ಹೋಗಲು ಒಬ್ಬರು ಕಾದು ಕೂತಿದ್ದರು.

ನಾನು ತಲೆ ತಗ್ಗಿಸಿ ಬರೆಯತೊಡಗಿದೆ. ಹೊರಗೆ ಗಾಡಿಗಳ ಸಾಲು ಕಾಯಲಿ ಎಂದುಕೊಂಡೆ. ಬ್ರೇಕು, ನಿಂತ ದೂರದೊಂದಿಗೆ. ಸ್ಟೀರಿಂಗ್. ದೀಪಗಳು. ಹೊಗೆಯ ಅಳತೆ. ಗಾಲಿಯ ಬೇರಿಂಗ್. ಎಂಜಿನ್, ಗೇರು, ಎಂಬತ್ತು ಕಿಲೋಮೀಟರ್ ವೇಗದವರೆಗೆ ಓಡಿಸಿ ನೋಡಿದ್ದು. ಪ್ರತಿಯೊಂದರ ಮುಂದೆ ಯೋಗ್ಯ ಎಂದು ಬರೆದೆ. ಕೊನೆಗೆ, ನಾಲ್ಕೂ ಟೈರುಗಳು ಅಯೋಗ್ಯ, ಬದಲಾಯಿಸಿದ ಮೇಲೆ ಆ ಒಂದೇ ಅಂಶಕ್ಕೆ ಮರುತಪಾಸಣೆ. ಬರೆದು ಮುಗಿಸುವಷ್ಟರಲ್ಲಿ ಅಣ್ಣ ಎರಡು ಸಲ ಗಡಿಯಾರ ನೋಡಿದ್ದರು. ಓದಲು ಕೊಟ್ಟೆ.

"ಹಂಗಾರ ಗಾಡಿ ಛಲೋ ಐತಿ ಅಂತೀರೇನು?"

"ಗಾಡಿ ಛಲೋ ಐತ್ರಿ. ಟೈರ್ ಛಲೋ ಇಲ್ಲ."

"ಅಂದ್ರ ಪಾಸ್ ಆಗಿಲ್ಲ. ನಮ್ಮ ಮಾತು ಪಾಸ್ ಆದ್ರ ಅಂತ ಇತ್ತು," ಎಂದು ಅವರು ತಂಗಿಯ ಕಡೆ ತಿರುಗಿದರು.

ಅವಳು ಅಲ್ಲಿಯವರೆಗೆ ಕಿಟಕಿಯ ಹತ್ತಿರ ನಿಂತಿದ್ದಳು. ದನಿ ಏರಿಸದೆ ಹೇಳಿದಳು:

"ಅಣ್ಣಾ, ಹತ್ತು ಅಂಡಗಿ ಹತ್ತ್ಯಾಗ ಒಂದು ಚೀಲ ಹಸಿ ಬಂದ್ರ ಎಲ್ಲಾ ವಾಪಸ್ ಕಳಸ್ತಿ ಏನ? ಹಸೀದು ಬದಿಗಿಟ್ಟು ಉಳಿದದ್ದ ತೂಕಾ ಮಾಡಸ್ತಿ. ಅಪ್ಪಾ ಅದನ್ನ ಕಲಿಸಿದ್ದು ನಿನಗ."

ಪಕ್ಕದ ಮೇಜಿನ ಗುಮಾಸ್ತರು ಪೆನ್ನು ನಿಲ್ಲಿಸಿದರು. ಅಣ್ಣ ಕಾಗದವನ್ನು ಮತ್ತೊಮ್ಮೆ ಮೇಲಿಂದ ಓದಿದರು. ಈ ಸಲ ನಿಧಾನವಾಗಿ, ಪ್ರತಿ ಸಾಲಿನ ಕೆಳಗೂ ಬೆರಳಿಟ್ಟು, 'ಯೋಗ್ಯ' ಎಂಬುದು ಬಂದಲ್ಲೆಲ್ಲ ಸ್ವಲ್ಪ ನಿಂತು. ಮಾರುಕಟ್ಟೆಯಲ್ಲಿ ಮಾಲು ನೋಡುವ ಮನುಷ್ಯನ ಓದು ಅದು. ಅವರು ಕೆಟ್ಟವರಲ್ಲ ಎಂದು ನನಗೆ ಆಗ ಅನ್ನಿಸಿತು. ತಂಗಿ ದಿನಾ ಆ ರಸ್ತೆಯ ಮೇಲೆ ಒಬ್ಬಳೇ ಹೋಗುವುದು ಅವರಿಗೆ ಬೇಡವಾಗಿತ್ತು, ಅಷ್ಟೇ. ಅದನ್ನು ನೇರ ಹೇಳುವ ಬದಲು ಷರತ್ತು ಹಾಕಿದ್ದರು.

"ಆತು. ಟೈರ್ ಹಾಕಸು. ಆದ್ರ ಪುಣ್ಯಸ್ಮರಣಿ ಒಳಗ," ಎಂದು ಎದ್ದರು.

ಅದು ಅಷ್ಟು ಸುಲಭವಿರಲಿಲ್ಲ. ಆ ಅಳತೆಯ ಟೈರು ಹುಬ್ಬಳ್ಳಿಯಲ್ಲಿ ಇರಲಿಲ್ಲ. ಬೆಳಗಾವಿ, ಕೊಲ್ಹಾಪುರದಲ್ಲೂ ಇರಲಿಲ್ಲ. ಮುಂಬೈಯವರು ತಿಂಗಳಾಗುತ್ತದೆ ಎಂದರು. ಇದನ್ನೆಲ್ಲ ಅವಳು ಬಿಡುವಿದ್ದಾಗ ಕಚೇರಿಗೆ ಬಂದು, ನಿಂತುಕೊಂಡೇ ಹೇಳಿ ಹೋಗುತ್ತಿದ್ದಳು. ಸಹಾಯ ಕೇಳುತ್ತಿರಲಿಲ್ಲ. ಒಂದು ವಾರ ಹಾಗೇ ಹೋಯಿತು. ಕೊನೆಗೆ ಒಬ್ಬ ಟೈರು ಅಂಗಡಿಯವನು, ಅದೇ ರಿಮ್ಮಿಗೆ ಕೂಡುವ, ಒಂದು ಅಳತೆ ಕಿರಿದಾದ ಟೈರು ತನ್ನಲ್ಲಿದೆ, ಆದರೆ ಕಚೇರಿಯವರು ಒಪ್ಪಲಿಕ್ಕಿಲ್ಲ ಎಂದಿದ್ದನಂತೆ. ಅದರ ಮೇಲೆ ಬರೆದಿದ್ದ ಅಂಕಿಗಳನ್ನು ಅವಳು ತನ್ನ ಅಂಗೈಮೇಲೆ ಬರೆದುಕೊಂಡು ಬಂದಿದ್ದಳು.

"ಇದು ನಡೀತೈತೋ ಇಲ್ಲೋ ಅಷ್ಟ ಹೇಳ್ರಿ. ಇಲ್ಲಂದ್ರ ನಾ ಬಿಟ್ಟ ಬಿಡತೇನಿ."

ಕಂಪನಿ ಹೇಳಿದ ಅಳತೆಯನ್ನೇ ಹಾಕಬೇಕು ಎಂದು ಹೇಳಿ ಕಳಿಸಬಹುದಿತ್ತು. ಯಾರೂ ಅದನ್ನು ತಪ್ಪು ಎನ್ನುತ್ತಿರಲಿಲ್ಲ. ನನಗೂ ಸಾಕಾಗಿತ್ತು. ಒಂದು ಕಾರಿಗಾಗಿ ಇಷ್ಟು ದಿನ ತಲೆ ಕೆಡಿಸಿಕೊಂಡದ್ದು ಕಚೇರಿಯಲ್ಲಿ ಮಾತಾಗಿತ್ತು. ಆದರೆ ನಡೆಯುತ್ತದೆಯೋ ಇಲ್ಲವೋ ಎಂಬ ಪ್ರಶ್ನೆಗೆ ನಿಜವಾದ ಉತ್ತರವೊಂದು ಇರುತ್ತದೆ, ಮತ್ತು ಅದನ್ನು ಕಂಡುಹಿಡಿಯಲು ನನಗೆ ಬರುತ್ತಿತ್ತು. ಅವಳ ಅಂಗೈಯಿಂದ ಅಂಕಿ ಬರೆದುಕೊಂಡೆ.

ಆ ದಿನ ಊಟ ಬಿಟ್ಟು ಲೆಕ್ಕ ಹಾಕಿದೆ. ಟೈರಿನ ಸುತ್ತಳತೆ ಮೂಲದ್ದಕ್ಕಿಂತ ಸ್ವಲ್ಪವೇ ಕಡಿಮೆ. ಮೀಟರು ನಿಜವಾದ ವೇಗಕ್ಕಿಂತ ತುಸು ಹೆಚ್ಚು ತೋರಿಸುತ್ತದೆ, ಅದರಿಂದ ಅಪಾಯವಿಲ್ಲ. ರಿಮ್ಮಿನ ಅಗಲ ಆ ಟೈರಿಗೆ ಹೇಳಿದ ಮಿತಿಯೊಳಗಿತ್ತು. ಭಾರ ಹೊರುವ ಸಾಮರ್ಥ್ಯ ಕಾರಿನ ತೂಕಕ್ಕೆ ಸಾಕಾಗಿ ಮಿಗುತ್ತಿತ್ತು. ಒಂದೇ ಕೊರತೆಯೆಂದರೆ, ಆ ಕಾರಿನ ಪೂರ್ತಿ ವೇಗಕ್ಕೆ ಮಾಡಿದ ಟೈರು ಅದಲ್ಲ. ಆ ವೇಗಕ್ಕೆ ನಮ್ಮ ಕಡೆ ರಸ್ತೆಯೂ ಇರಲಿಲ್ಲ. ಲೆಕ್ಕವನ್ನು ಮೇಲಧಿಕಾರಿಯ ಮುಂದಿಟ್ಟೆ. ಅವರು ಎಲ್ಲವನ್ನೂ ನೋಡಿ, ಗುಣಾಕಾರ ಒಂದನ್ನು ತಾವೇ ಮತ್ತೆ ಮಾಡಿ, ಕಾಗದ ಹಿಂದಕ್ಕೆ ಕೊಟ್ಟರು.

"ಲೆಕ್ಕ ಸರಿ ಐತಿ. ಸಹಿ ನಿಮ್ದು ಇರತೈತಿ ನೋಡ್ರಿ, ನನ್ನದಲ್ಲ," ಎಂದರು. ಬೇಡ ಎನ್ನಲಿಲ್ಲ.

ಪುಣ್ಯಸ್ಮರಣೆಯ ಹಿಂದಿನ ದಿನ, ಶನಿವಾರ ಮಧ್ಯಾಹ್ನದ ಮೇಲೆ ಕಾರು ಮತ್ತೆ ಬಂತು. ಹೊಸ ಟೈರುಗಳು ಬೂದುಗಪ್ಪಾಗಿ, ಮಬ್ಬಾಗಿ ಇದ್ದವು. ಅವುಗಳ ಮಬ್ಬು ಕಾಕಾಗೆ ಇಷ್ಟವಾಗಿಲ್ಲ ಎಂದು ಅವರ ಮುಖವೇ ಹೇಳುತ್ತಿತ್ತು. ಆದರೂ ಕೈ ಹಿಂದೆ ಕಟ್ಟಿಕೊಂಡು ದೂರ ನಿಂತಿದ್ದರು. ನಾಲ್ಕನ್ನೂ ನೋಡಿದೆ. ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಎಲ್ಲಿಯೂ ತಾಗುವುದಿಲ್ಲ ಎಂದು ಖಚಿತ ಮಾಡಿಕೊಂಡೆ. ಆಮೇಲೆ ಕೀಲಿಯನ್ನು ಅವಳ ಕೈಗೆ ಕೊಟ್ಟು ನಾನು ಪಕ್ಕದ ಸೀಟಿನಲ್ಲಿ ಕೂತೆ.

ಗಬ್ಬೂರು ದಾಟಿ ಬೈಪಾಸಿಗೆ ಏರುವವರೆಗೆ ಅವಳು ಹಲ್ಲು ಕಚ್ಚಿಕೊಂಡು ಓಡಿಸಿದಳು. ಐವತ್ತು, ಅರವತ್ತು. ಹಿಂದಿನ ಸಲ ಮಿಡಿತ ಬಂದ ಜಾಗ ಸಮೀಪಿಸಿದಾಗ ನಾನು ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಇಟ್ಟೆ. ಎಂಬತ್ತರಲ್ಲಿ ಆ ಜಾಗ ದಾಟಿತು. ಸ್ಟೀರಿಂಗು ಸುಮ್ಮನಿತ್ತು. ಇನ್ನೂ ಮುಂದೆ ಹೋಗಿ, ನಿಂತು, ನಾಲ್ಕು ಟೈರುಗಳನ್ನೂ ಕೈಯಿಂದ ಮುಟ್ಟಿ ನೋಡಿದೆ. ಒಂದೇ ಸಮನೆ ಬೆಚ್ಚಗಿದ್ದವು. ಈ ಟೈರಿನ ಮೇಲೆ ನೂರು ದಾಟಬಾರದು ಎಂದು ಅವಳಿಗೆ ಹೇಳಿದೆ. ತಿರುಗಿ ಬರುವಾಗ ಇನ್ನೊಮ್ಮೆ ಹೇಳಿದೆ.

"ಕೇಳಿಸೈತ್ರಿ," ಎಂದು ಅವಳು ನಕ್ಕಳು. ಆ ಎರಡು ವಾರದಲ್ಲಿ ಅವಳು ನಕ್ಕದ್ದು ನಾನು ನೋಡಿದ್ದು ಅದೇ ಮೊದಲು.

ಕಚೇರಿ ಖಾಲಿಯಾಗುತ್ತಿದ್ದಾಗ ಸಹಿ ಹಾಕಿದೆ. ನಾಳೆ ಹನ್ನೊಂದಕ್ಕೆ ಪೂಜೆ, ಆಮೇಲೆ ಪ್ರಸಾದ, ಬರಬೇಕು ಎಂದು ಅವಳು ಕರೆದಳು. ನೋಡೋಣ ಎಂದೆ. ತಪಾಸಣೆ ಮಾಡಿದ ಗಾಡಿಯ ಮನೆಯಲ್ಲಿ ಊಟಕ್ಕೆ ಕೂಡುವುದು ನನಗೆ ಸರಿ ಕಾಣುತ್ತಿರಲಿಲ್ಲ. ಅದನ್ನು ಮುಖದ ಮೇಲೆ ಹೇಳುವ ಶಕ್ತಿಯೂ ಅವತ್ತು ಉಳಿದಿರಲಿಲ್ಲ.

ಮರುದಿನ ಭಾನುವಾರ. ತಡವಾಗಿ ಎದ್ದೆ. ಹೋಗದಿದ್ದರೂ ಹೇಳದೆ ಇರಬಾರದು ಎಂದು, ಓಣಿಯ ಕೊನೆಯ ಎಸ್‌ಟಿಡಿ ಬೂತಿಗೆ ಹೋಗಿ ಅವರ ಮನೆಗೆ ಫೋನ್ ಮಾಡಿದೆ. ಎತ್ತಿದವರು ಕಾಕಾ. ಹಿಂದೆ ಪಾತ್ರೆಗಳ, ಹೆಂಗಸರ ಸದ್ದು ಕೇಳುತ್ತಿತ್ತು. ಅವಳಿಗೆ ಕೊಡಿ ಎಂದೆ.

"ಸಣ್ಣಕ್ಕಾರು ಮನ್ಯಾಗಿಲ್ರಿ ಬಾಯಾರ. ಮುಂಜಾನೆದ್ದು ಗಾಡಿ ತಗೊಂಡು ಹೋಗ್ಯಾರ. ನಾ ಬರತೇನಿ ಅಂದ್ನಿ, ಬ್ಯಾಡ ಅಂದ್ರು."

ಪೂಜೆಗೆ ಎಷ್ಟು ಹೊತ್ತಿಗೆ ಬರುತ್ತಾಳೆ ಎಂದು ಕೇಳಿದೆ.

"ಹೇಳಿ ಹೋಗಿಲ್ರಿ," ಎಂದರು. ದನಿಯಲ್ಲಿ ದೂರಿತ್ತು.

ನನಗೆ ಬರಲು ಆಗುವುದಿಲ್ಲ ಎಂದಷ್ಟೇ ತಿಳಿಸಿ ಎಂದೆ. ಫೋನ್ ಇಟ್ಟು, ಬೂತಿನವನಿಗೆ ದುಡ್ಡು ಕೊಟ್ಟು, ಅವಳು ಈಗ ಖಾಲಿ ಬೈಪಾಸಿನ ಮೇಲೆ ನೂರರೊಳಗೆ ಓಡಿಸುತ್ತಿರಬೇಕು ಎಂದುಕೊಂಡು ಮನೆಗೆ ಬಂದು ಕಿಟಕಿ ಮುಚ್ಚಿ ಮತ್ತೆ ಮಲಗಿದೆ.